ಏಳನೇ ಶುಕ್ರವಾರದ ಸುಲಗಾಯಿ

ಓಣಿಗೆಲ್ಲ ಎರಡೇ ಟಿ.ವಿ., ಅವೂ ಕರೆಂಟ್ ಇದ್ದರೆ ಮಾತ್ರ ಅನ್ನುವಂಥ ಕಾಲ ಅದು. ನೇಸರಗಿ ಹತ್ತಿರದ ನಮ್ಮೂರಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಕ್ರಿಸ್ಮಸ್ಸಿಗೆ ನಾವು ಓಣಿಗೆಲ್ಲ ಕರ್ಚಿಕಾಯಿ ಹಂಚುತ್ತಿದ್ದೆವು. ಸಂಕ್ರಾಂತಿಗೆ ಅವರ ಮನೆಗಳಿಂದ ಮಾದ್ಲಿ, ಸಜ್ಜಿ ರೊಟ್ಟಿ, ಬದನಿಕಾಯಿ ಎಣಗಾಯಿ ನಮ್ಮ ಮನೆಗೆ ಬರುತ್ತಿದ್ದವು. ಹೊಟ್ಟೆಯ ಮಟ್ಟಿಗೆ ನಾನು ಎಲ್ಲ ಧರ್ಮಕ್ಕೂ ಸೇರಿದವಳು. ಆ ಹೊಟ್ಟೆಯೇ ಒಮ್ಮೆ ನನ್ನ ಮಾನ ಕಳೆಯಿತು.

ನನಗಾಗ ಹತ್ತು ವರ್ಷ, ತಂಗಿ ಎಸ್ತರಳಿಗೆ ನಾಲ್ಕು. ಎಸ್ತಿ ಒಂದು ಗಳಿಗೆ ಕುಂತಲ್ಲಿ ಕೂರುವವಳಲ್ಲ. ಕೋಳಿ ಅಟ್ಟುತ್ತಿದ್ದಳು, ಹಿಟ್ಟಿನ ಡಬ್ಬಿ ಬೋರಲು ಹಾಕುತ್ತಿದ್ದಳು, ಬೈದರೆ ನಮ್ಮ ಮುಖವನ್ನೇ ನೋಡಿ ನಗುತ್ತಿದ್ದಳು. ಆದರೆ ಬಾಯಲ್ಲಿ ಒಂದೇ ಒಂದು ಮಾತಿಲ್ಲ. ಅವ್ವ ಅವಳ ತಲೆ ಬಾಚುತ್ತ, "ಅವ್ವಾ ಅನ್ನು, ಬಂಗಾರಾ, ಅವ್ವಾ..." ಎನ್ನುವಳು. ಸ್ವಲ್ಪ ಹೊತ್ತಿಗೆ ಬಾಚಣಿಗೆ ನಿಲ್ಲುತ್ತಿತ್ತು, ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಆ ಹೊಸ ವರ್ಷಕ್ಕೆ ಆಯಿ, ಅಂದರೆ ಅಪ್ಪನ ತಾಯಿ, ಒಂದು ತೀರ್ಮಾನಕ್ಕೆ ಬಂದಳು.

"ಬೈಬಲ್‌ನ್ಯಾಗ ದೇವರ ಮಂದಿ ಏಳು ದಿನಾ ಸುತ್ತು ಹಾಕಿದ್ದಕ್ಕ ಯೆರಿಕೋ ಊರಿನ ಕೋಟಿ ಗ್ವಾಡಿ ಬಿತ್ತು. ನಾವೂ ಏಳು ಶುಕ್ರವಾರ ಉಪಾಸ ಮಾಡಿ ಬೇಡೂಣು. ಕೂಸಿಗೆ ಮಾತು ಬರ್ತಾವ."

"ನಾನೂ ಮಾಡ್ತೇನಿ ಆಯಿ."

"ನೀನಾ? ಸಾಲ್ಯಾಗ ಗಂಟಿ ಹೊಡಿಯೂದ್ರಾಗ ಡಬ್ಬಿ ತಗಿಯಾಕಿ ನೀ!"

ಹಟ ಹಿಡಿದು ಒಪ್ಪಿಸಿದೆ. ನೇಮ ಇಷ್ಟೇ: ಸಂಜೆ ಮನೆಯಲ್ಲಿ ಪ್ರಾರ್ಥನೆ ಮುಗಿಯುವವರೆಗೆ ನೀರು ಬಿಟ್ಟು ಏನೂ ಮುಟ್ಟುವಂತಿಲ್ಲ. ಆಮೇಲೆ ನುಚ್ಚು ಮಜ್ಜಿಗೆ. ಆರು ಶುಕ್ರವಾರ ಹೆಂಗೋ ದಾಟಿಸಿದೆ. ಆ ನುಚ್ಚಿನ ರುಚಿ ಮುಂದೆ ಯಾವ ಮದುವೆ ಊಟದಲ್ಲೂ ಸಿಕ್ಕಿಲ್ಲ, ದೇವರಾಣೆ.

ಏಳನೆಯ ಶುಕ್ರವಾರ ಶಾಲೆ ಬಿಟ್ಟು ಹೊಲದ ದಾರಿಯಲ್ಲಿ ಬರುತ್ತಿದ್ದೆ. ಪಕ್ಕದ ಮನೆಯ ಗಂಗವ್ವ ಕಾಕು ತಮ್ಮ ಹೊಲದ ಬದುವಿನಲ್ಲಿ ಒಣ ಕಸಕ್ಕೆ ಬೆಂಕಿ ಹಚ್ಚಿ, ಹಸಿ ಕಡಲೆ ಗಿಡ ಸುಡುತ್ತಿದ್ದಳು. ಸುಲಗಾಯಿ! ಚಟಚಟ ಸದ್ದು, ಆ ಹೊಗೆ, ಆ ಘಮ. ನನ್ನ ಕಾಲುಗಳು ತಾವೇ ನಿಂತವು.

"ಬಾರ ಸಾರಾ, ಬಿಸಿ ಬಿಸಿ ಅದಾವ."

"ಒಲ್ಲೆ ಕಾಕು, ಉಪಾಸ ಐತಿ."

"ಅಯ್ಯ, ಕಡ್ಲಿ ಏನ್ ಊಟ ಆಗ್ತೈತಿ? ನಾವು ಸೋಮವಾರ ಉಪಾಸಕ್ಕ ಶೇಂಗಾದ ಉಂಡಿ ತಿನ್ನೂದಿಲ್ಲೇನು?"

ಈ ನ್ಯಾಯ ನನಗೆ ಬಹಳ ಸರಿ ಕಂಡಿತು. ಒಂದು ಬಿಡಿಸಿದೆ. ಆಮೇಲೆ ಉಡಿ ತುಂಬ ತಿಂದೆ. ಮನೆಗೆ ಬರುವಷ್ಟರಲ್ಲಿ ಕೈಯನ್ನೇನೋ ಲಂಗಕ್ಕೆ ಒರೆಸಿಕೊಂಡಿದ್ದೆ. ಬಾಯಿಯ ನೆನಪಾಗಲಿಲ್ಲ.

ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ನಮ್ಮ ಸಭೆಯ ಪಾದ್ರಿ ಅಯ್ಯನವರು, "ಈ ಹೊತ್ತು ಸಾರಾ ಪ್ರಾರ್ಥನಾ ಮಾಡ್ಲಿ. ಸಣ್ಣ ಹುಡುಗಿ, ಏಳೂ ವಾರ ಹಿಡದಾಳ," ಅಂದರು. ಎದ್ದು ನಿಂತು, ಕಣ್ಣು ಬಿಗಿಯಾಗಿ ಮುಚ್ಚಿ, ದೊಡ್ಡವರ ಧಾಟಿಯಲ್ಲೇ ಶುರು ಮಾಡಿದೆ: "ಕರ್ತನೇ, ಬೆಳಗಿನಿಂದ ಏನನ್ನೂ ತಿನ್ನದೆ ನಿನ್ನ ಪಾದಕ್ಕೆ ಬಂದಿದ್ದೇನೆ..."

ಯಾರೋ ಕೆಮ್ಮಿದರು. ಇನ್ಯಾರೋ ಕಿಸಕ್ಕನೆ ನಕ್ಕರು. ಅಯ್ಯನವರು ನಡುವೆಯೇ ಗಡಬಡಿಸಿ "ಆಮೆನ್" ಅಂದುಬಿಟ್ಟರು. ಕಣ್ಣು ತೆರೆದರೆ ಎಸ್ತಿ ನನ್ನೆದುರೇ ನಿಂತಿದ್ದಳು. ಬೆರಳಿನಿಂದ ನನ್ನ ತುಟಿ ಒರೆಸಿ, ಮಸಿ ಹತ್ತಿ ಕಪ್ಪಾದ ಆ ಬೆರಳನ್ನು ಎಲ್ಲರಿಗೂ ಒಬ್ಬೊಬ್ಬರಾಗಿ ತೋರಿಸುತ್ತ ಹೋದಳು. ಇಡೀ ಪಡಸಾಲೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವ್ವನೂ ನಕ್ಕಳು.

ನನಗೆ ಮಾತ್ರ ನಗು ಬರಲಿಲ್ಲ. ಮರುದಿನ ಎಸ್ತಿ ಮಾತಾಡಲಿಲ್ಲ. ಅದರ ಮರುದಿನವೂ ಇಲ್ಲ. ಆರು ಸುತ್ತು ಸರಿಯಾಗಿ ಹಾಕಿ ಏಳನೆಯದನ್ನು ಕೆಡಿಸಿದವಳು ನಾನು, ನನ್ನ ಬಾಯಿಚಪಲಕ್ಕೆ ತಂಗಿಯ ಬಾಯಿ ಕಟ್ಟಿಹೋಯಿತು ಅಂದುಕೊಂಡೆ. ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ, ರೊಟ್ಟಿ ಬಡಿಯುತ್ತಿದ್ದ ಆಯಿಯ ಮುಂದೆ ಕೂತು ಗೊಳೋ ಎಂದು ಅತ್ತು ಎಲ್ಲ ಹೇಳಿದೆ.

ಆಯಿ ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದಳು. "ಹುಚ್ಚಿ, ಹಿಡಿ ಕಡ್ಲಿಗೆ ಸಿಟ್ಟಾಗಿ ಕೂಸಿನ ಮಾತು ಕಸಗೊಳ್ಳೂ ದೇವರಾಗಿದ್ರ ನಾ ಯಾವಾಗೋ ಅವನ್ನ ಬಿಡ್ತಿದ್ದೆ."

"ಮತ್ತ ಯಾಕ ಕೊಡಲಿಲ್ಲ?"

"ನನಗ ಗೊತ್ತಿಲ್ಲವ್ವಾ." ರೊಟ್ಟಿ ಹಂಚಿಗೆ ಹಾಕಿ ನೀರು ಸವರಿದಳು. "ಅಂವ ಏನ್ ಮಾಡಾಕತ್ತಾನ, ಖರೇನ ಗೊತ್ತಿಲ್ಲ. ನಿಮ್ಮವ್ವ ಸಂತಿಗೆ ಹೋದಾಗ ಏನ್ ತರ್ತಾಳ ಅಂತ ನಿನಗ ಗೊತ್ತಿರ್ತೈತೇನು? ಆದ್ರೂ ಕಟ್ಟಿ ಮ್ಯಾಲೆ ಕುಂತು ಕಾಯ್ತಿ. ಬರ್ತಾಳ ಅಂತ ಗೊತ್ತಿರ್ತೈತಿ, ಅಷ್ಟ ಸಾಕು. ಈಗ ರೊಟ್ಟಿ ತಿನ್ನು. ಶುಕ್ರವಾರ ಎಂಟನೇದು ಹಿಡದ್ರಾತು."

ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ಮೂರು ತಿಂದೆ.

ಎಂಟನೆಯ ವಾರದ ಮೇಲೆ ಗಂಗವ್ವ ಕಾಕು ಅವ್ವನ ಹತ್ತಿರ ಬಂದು, "ತಂಗಿ, ಹೊಲದಾಗ ಎಸ್ತಿನ್ನ ಹಿಂದಿನಿಂದ ಎಷ್ಟು ಕರದ್ರೂ ತಿರುಗಲಿಲ್ಲ. ತಪ್ಪು ತಿಳಕೋಬ್ಯಾಡ, ಒಂದ್ಸಲ ಕಿವಿ ತೋರಸ್ರಿ," ಅಂದಳು. ಬೆಳಗಾವಿಯ ಡಾಕ್ಟರೂ ಅದನ್ನೇ ಹೇಳಿದರು. ಎಸ್ತಿಗೆ ಹುಟ್ಟಿನಿಂದಲೇ ಕೇಳುತ್ತಿರಲಿಲ್ಲ. ಕಿವುಡ ಮಕ್ಕಳ ಶಾಲೆಗೆ ಸೇರಿಸಿದೆವು. ರಜೆಗೆ ಬಂದವಳು ಕೈಸನ್ನೆಯ ಮಾತನ್ನು ಮನೆಗೆಲ್ಲ ಕಲಿಸಿದಳು. ತಪ್ಪು ಮಾಡಿದರೆ ಕೈ ಮೇಲೆ ಏಟು ಬೇರೆ! ಅವ್ವನಿಗೆ ಕಲಿಸಿದ ಮೊದಲ ಸನ್ನೆ "ಅವ್ವಾ" ಅನ್ನುವುದು. ಆ ದಿನ ಅವ್ವ ಅದನ್ನು ಮತ್ತೆ ಮತ್ತೆ ಮಾಡಿಸಿ ನೋಡಿದಳು.

ಈಗ ಎಸ್ತಿ ಬೈಲಹೊಂಗಲದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅವಳ ಇಬ್ಬರು ಮಕ್ಕಳು ಬಾಯಿ ಮುಚ್ಚುವುದಿಲ್ಲ. ಆಯಿ ತೀರಿಕೊಳ್ಳುವವರೆಗೂ ಶುಕ್ರವಾರ ಬಿಡಲಿಲ್ಲ. ಕೊನೆಯ ವರ್ಷ ಕೇಳಿದ್ದೆ, "ಆಯಿ, ಇನ್ನೂ ಎಸ್ತಿಗೆ ಮಾತು ಬರ್ಲಿ ಅಂತ ಬೇಡ್ತೀಯೇನು?"

"ಅದನ್ನ ಬಿಟ್ಟು ಭಾಳ ವರ್ಷಾತು. ನನಗ ಕೈ ಲಗೂ ಲಗೂ ಆಡಸಾಕ ಬರ್ಲಿ ಅಂತ ಬೇಡ್ತೇನಿ. ಆ ಹುಡುಗಿ ಭಾಳ ಮಾತಾಡ್ತಾಳ, ಅರ್ಧಾ ತಿಳಿಯೂದ ಇಲ್ಲ."

ಶುಕ್ರವಾರಗಳು ಈಗಲೂ ಬರುತ್ತವೆ. ನಾನು ಬೇಡುತ್ತೇನೆ, ಎರಡು ದಿನಕ್ಕೆ ಸಿಗದಿದ್ದರೆ ದೇವರ ಮೇಲೆ ಮುನಿಸಿಕೊಳ್ಳುತ್ತೇನೆ. ಸಿಗದಿದ್ದಕ್ಕೆ ಬೇಸರಪಡದೆ, ಬೇಡುವುದನ್ನೇ ತಿದ್ದಿಕೊಂಡು ಮತ್ತೆ ನಗುನಗುತ್ತ ಕೂರುವ ಆ ಗುಣ ನಮ್ಮ ಮನೆಯಲ್ಲಿ ಆಯಿಯೊಂದಿಗೇ ಮುಗಿಯಿತು. ನನಗೆ ಅದು ಇನ್ನೂ ಬಂದಿಲ್ಲ.