ಅತ್ತೆ ಕೇಳದ ನಗು

ಮೊನ್ನೆ ಒನ್-ನಾರ್ತ್‌ನ ನಮ್ಮ ಆಫೀಸಿನಲ್ಲಿ ಕಾಗದಗಳಿಗೆ ಪಿನ್ ಹೊಡೆಯಲು ಹೋಗಿ, ಸ್ಟೇಪ್ಲರ್ ಹಿಡಿದುಕೊಂಡೇ ಒಬ್ಬನೇ ನಕ್ಕೆ. ಪಕ್ಕದ ಸೀಟಿನವನು ಅನುಮಾನದಿಂದ ನೋಡಿದ. ಅವನಿಗೆ ಹೇಳಿ ಪ್ರಯೋಜನವಿಲ್ಲ. ನಿಮಗೆ ಪುರುಸೊತ್ತಿದ್ದಂತಿದೆ, ಹೇಳುತ್ತೇನೆ.

ನಾಲ್ಕೈದು ವರ್ಷಗಳ ಹಿಂದೆ ಮೈಸೂರಿನಿಂದ ನಮ್ಮ ಸೋದರತ್ತೆ ವಿಮಾನ ಹತ್ತಿ, ಒಂದು ತಿಂಗಳ ಮಟ್ಟಿಗೆ ಈ ಪರದೇಶಕ್ಕೆ, ಜುರಾಂಗ್ ವೆಸ್ಟ್ ಬಡಾವಣೆಯ ನಮ್ಮ ಮನೆಗೆ ಬಂದಿದ್ದರು. ಮನೆಮನೆಗೆ ಟೀವಿ ಬರುವ ಮೊದಲು ರೇಡಿಯೋ ಪ್ರಹಸನಗಳಲ್ಲಿ ಅವರದು ದೊಡ್ಡ ಹೆಸರು. ಬಾಯಿಬಡುಕಿ ಹೆಂಡತಿ, ಕಿವುಡಜ್ಜಿ, ತೊದಲುವ ಮಗು, ಎಲ್ಲಾ ಅವರದೇ ಗಂಟಲು. ಇಡೀ ಬೀದಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು ಎಂದು ನಮ್ಮಪ್ಪ ಹೇಳುತ್ತಿದ್ದರು. ನಾನೂ ಅದನ್ನೇ ಹೇಳಿ ಹೊಗಳಿದಾಗ ಅತ್ತೆ ಅನ್ನ ಕಲಸುತ್ತಾ ತಣ್ಣಗೆ ಅಂದರು:

"ಇಪ್ಪತ್ತು ವರ್ಷ ನಗಿಸಿದೀನಂತೆ ಕಣೋ. ಒಬ್ರು ನಕ್ಕಿದ್ದೂ ನಾನು ಕೇಳಿಲ್ಲ."

ಸ್ಟುಡಿಯೋ ಬಾಗಿಲು ಮುಚ್ಚಿದರೆ ಹೊರಗಿನ ಸದ್ದು ಒಳಗೆ ಬಾರದು. ಗಾಜಿನ ಆಚೆ ಕೂತವರ ಕಣ್ಣು ಗಡಿಯಾರದ ಮೇಲೆ. ಮನೆಯಲ್ಲಿ ನಮ್ಮ ಮಾವ ಪ್ರಸಾರವನ್ನು ಗಂಭೀರವಾಗಿ ಕೇಳಿ, ಯಾವ ಮಹಾಪ್ರಾಣ ಜಾರಿತು ಎಂದಷ್ಟೇ ತಿಳಿಸುತ್ತಿದ್ದರಂತೆ. ನನಗೆ ನಿಜಕ್ಕೂ ಸಂಕಟವಾಯಿತು.

ಉತ್ಸಾಹ ಬಂದರೆ ನನಗೆ ಹಿಂದುಮುಂದು ತೋಚುವುದಿಲ್ಲ. ಪಾಯಾ ಲೆಬಾರ್ ಹತ್ತಿರದ ಗೆಳೆಯರೊಬ್ಬರ ಕಾಂಡೋ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರುವ ಯುಗಾದಿ ಊಟವಿತ್ತು. ಅಲ್ಲಿ ಅತ್ತೆಯ ಪ್ರಹಸನವಿದೆ ಎಂದು ಸಾರಿಬಿಟ್ಟೆ. ಆಮೇಲೆ ಹೆದರಿಕೆ ಹತ್ತಿತು. ರೇಡಿಯೋ ಅವರಿಗೆ ನಗು ಕೇಳಿಸಿರಲಿಲ್ಲ, ಸರಿ. ನಗದೇ ಕೂತವರ ಮೌನವನ್ನೂ ಕೇಳಿಸಿರಲಿಲ್ಲ. ಈ ವಯಸ್ಸಿನಲ್ಲಿ ಅದನ್ನು ಕೇಳಿಸಿದ ಪುಣ್ಯ ನನಗೆ ಬಂದರೆ?

ಅತ್ತೆ ನೆನಪಿನಿಂದ ಹೇಳಿದರು, ನಾನು ಟೈಪ್ ಮಾಡಿದೆ. ಆಫೀಸಿನ ಶಿಸ್ತಿನಲ್ಲಿ ಎರಡೂ ಬದಿ ಪ್ರಿಂಟ್ ಮಾಡಿ, ಎರಡೆರಡು ಪಿನ್ ಹೊಡೆದು ಕೊಟ್ಟೆ. ಅವರು ಹೌಹಾರಿದರು. ಪುಟ ತಿರುಗಿಸಿದರೆ ಮೈಕಿಗೆ ಮಳೆ ಸುರಿದಂತೆ ಕೇಳಿಸುತ್ತದಂತೆ. ಒಂದೇ ಬದಿ ಬರೆದ ಬಿಡಿ ಹಾಳೆಗಳಿರಬೇಕು. ಓದಿ ಮುಗಿದದ್ದನ್ನು ಬೆರಳಿನಿಂದ ಸದ್ದಿಲ್ಲದೆ ನೆಲಕ್ಕೆ ಜಾರಿಸಬೇಕು. ಒಂದು ಪಾತ್ರಕ್ಕೆ ನನ್ನನ್ನೇ ಹಿಡಿದಿದ್ದರಿಂದ ವಾರವಿಡೀ ನಾನೂ ಅಭ್ಯಾಸ ಮಾಡಿದೆ. ನನ್ನ ಹಾಳೆಗಳು ಫ್ಯಾನ್ ಗಾಳಿಗೆ ಹಾರಿ ಸೋಫಾ ಕೆಳಗೆ ಸೇರಿದವು.

ಯುಗಾದಿಯ ದಿನ ಎಲ್ಲರೂ ಆಂಟಿ ಎದುರಿಗೇ ನಿಂತು ಅಭಿನಯಿಸಲಿ ಎಂದರು. ಮುಖ ಕಂಡರೆ ದನಿ ಹೊರಡದಂತೆ, ಅತ್ತೆ ಒಪ್ಪಲಿಲ್ಲ. ನಮ್ಮ ಮನೆಯ ಹೂವಿನ ಬೆಡ್‌ಶೀಟ್ ಅಡ್ಡ ಕಟ್ಟಿಸಿ, ಅದರ ಹಿಂದೆ ನನ್ನನ್ನೂ ಎಳೆದುಕೊಂಡು ಮೈಕಿನ ಮುಂದೆ ನಿಂತರು. ಪ್ರಹಸನದಲ್ಲಿ ನಾನು ಡಾಕ್ಟರ ಮನೆ ಹುಡುಕುತ್ತಾ ತಪ್ಪು ಬಾಗಿಲು ತಟ್ಟಿದ ರೋಗಿ, ಅತ್ತೆ ಆ ಮನೆಯೊಡತಿ. ನಡುಗುವ ದನಿಗೆ ಅಭಿನಯವೇ ಬೇಕಾಗಲಿಲ್ಲ.

"ಅಮ್ಮಾ, ಡಾಕ್ಟ್ರ ಮನೆ ಎಲ್ಲಿ?"

"ಹೇಳ್ತೀನಿ. ಮೊದ್ಲು ನಾಲಿಗೆ ತೋರ್ಸಿ."

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು, ಅದರ ಹಿಂದೆಯೇ ಇಡೀ ಕೋಣೆ ನಕ್ಕಿತು. ಅರ್ಧ ಕನ್ನಡ ಬರುವ ಮಕ್ಕಳೂ ನಕ್ಕರು. ಅತ್ತೆ ಮಾತ್ರ ಸುಮ್ಮನಾಗಿಬಿಟ್ಟರು. ಮರೆತರೇನೋ ಎಂದು ನನ್ನ ಜೀವ ಹಾರಿತು. ಮುಂದಿನ ಮಾತು ನಿಮ್ಮದೇ ಎಂದು ಪಿಸುಗುಟ್ಟಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು.

"ತಾಳೋ," ಎಂದರು, "ಸ್ವಲ್ಪ ಕೇಳಿಸ್ಕೋತೀನಿ."

ಮೈಕು ಅದನ್ನೂ ಬಿಡಲಿಲ್ಲ. ಜನ ಅದೂ ಪ್ರಹಸನದ್ದೇ ಎಂದುಕೊಂಡು ಇನ್ನಷ್ಟು ನಕ್ಕರು.

ಆಫೀಸಿನ ಕಾನ್ಫರೆನ್ಸ್ ಕಾಲ್‌ಗಳಲ್ಲಿ ಯಾರಾದರೂ ತಮಾಷೆ ಮಾಡಿದರೆ ನಾನು ಮೊದಲೆಲ್ಲ ಮ್ಯೂಟ್‌ನಲ್ಲೇ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಮ್ಯೂಟ್ ತೆಗೆದು ನಗುತ್ತೇನೆ.