ಸಾಹೇಬರ ಪರವಾಗಿ ಆಣೆ

ಬಳೆಗಾರ ಗುಲಾಮ್ ದಸ್ತಗೀರನಂಥ ಮಾತುಗಾರ ದೇವದುರ್ಗದ ಕಡೆ ಇನ್ನೊಬ್ಬನಿರಲಿಲ್ಲ. ರಾಯಚೂರಿನಿಂದ ಬಳೆ ತಂದು ಗಬ್ಬೂರಿನ ಸುತ್ತಲ ಹಳ್ಳಿಗಳನ್ನೆಲ್ಲ ತಿರುಗುತ್ತಿದ್ದ. ಚುನಾವಣೆ ಬಂತೆಂದರೆ ಪಕ್ಷದವರಿಗೆ ಇಂಥವನೇ ಬೇಕು. ಹೆಂಗಸರ ಕೈಗೆ ಬಳೆ ಏರಿಸುತ್ತಲೇ, "ಯವ್ವಾ, ನಮ್ಮ ಗುರ್ತು ಮರೀಬ್ಯಾಡ" ಅನ್ನುತ್ತಿದ್ದ. ಮರೆಯುವ ಮಾತೆಲ್ಲಿ ಬಂತು? ನಮ್ಮೂರು ಅಪ್ಪ-ಅಜ್ಜನ ಕಾಲದಿಂದಲೂ ಅದೇ ಪಕ್ಷ. ಕತ್ತೆಯನ್ನು ನಿಲ್ಲಿಸಿದರೂ ಓಟು ಹಾಕುತ್ತಿದ್ದೆವು. ನಿಲ್ಲಿಸಿದ್ದೂ ಹೆಚ್ಚುಕಡಿಮೆ ಅದನ್ನೇ.

ಎಪ್ಪತ್ತೆಂಟರಲ್ಲಿ ಊರು ಹಟ ಹಿಡಿಯಿತು. ಹಳ್ಳಕ್ಕೆ ಸೇತುವೆ ಬೇಕು. ಹಳ್ಳ ತುಂಬಿದರೆ ನಮಗೆ ಸಂತೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ. ಚುನಾವಣೆಗೆ ನಿಂತಿದ್ದವರು ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟ ಸಾಹೇಬರು. ಅವರ ಪರವಾಗಿ ದಸ್ತಗೀರ್, ಮೊಹರಮ್ಮಿನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಗೆ ಇಳಿದು, ಸೇತುವೆ ಆಗೇ ಆಗುತ್ತದೆಂದು ಬೂದಿ ಮುಟ್ಟಿ ಆಣೆ ಮಾಡಿದ. ಆ ಬೂದಿ ಮುಟ್ಟಿ ಸುಳ್ಳಾಡಿದವನ ಸಂತಾನ ಉಳಿಯುವುದಿಲ್ಲವೆಂದು ನಮ್ಮಲ್ಲಿ ಹಿಂದೂ-ಮುಸ್ಲಿಂ ಎನ್ನದೆ ಎಲ್ಲರೂ ನಂಬುತ್ತಾರೆ. ನಾವೂ ಕಣ್ಣು ಮುಚ್ಚಿ ಓಟು ಹಾಕಿದೆವು.

ಸಾಹೇಬರು ಗೆದ್ದರು. ಸೇತುವೆ ಬರಲಿಲ್ಲ. ಮೂರನೆಯ ಮಳೆಗಾಲದಲ್ಲಿ ಗಡಿಗೆಪ್ಪನ ಹೆಂಡತಿ ಶಿವಬಸಮ್ಮ ಹೆರಿಗೆ ನೋವು ತಿನ್ನುತ್ತ, ನೀರು ಇಳಿಯಲೆಂದು ಕಾಯುತ್ತ, ದಂಡೆಯಲ್ಲಿ ನಿಂತ ಬಂಡಿಯೊಳಗೇ ಸತ್ತಳು. ಕೂಸೂ ಹೋಯಿತು. ಗಡಿಗೆಪ್ಪ ಮಾನ್ವಿಗೆ ಹೋದರೆ, "ಸಾಹೇಬ್ರು ಊಟಕ್ಕ ಕುಂತಾರ, ಆಮ್ಯಾಲೆ ಬಾ" ಅಂದರಂತೆ. ಥೂ! ಸುಳ್ಳಾಡಿದವರ ಸಂತಾನ ಗಟ್ಟಿಯಾಗೇ ಇತ್ತು. ಹೋದದ್ದು ಗಡಿಗೆಪ್ಪನದು.

ಎಂಬತ್ತಮೂರರ ಚುನಾವಣೆಗೆ ಸಾಹೇಬರ ಜೀಪು ಮತ್ತೆ ಬಂದಾಗ ಊರಲ್ಲಿ ಯಾರೂ ಬೈಯಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ. ಜನ ಸುಮ್ಮನೆ ಬಂದು ಅಲಾಯಿ ಕುಣಿಯ ಸುತ್ತ ನಿಂತರು.

ಹಿರಿಯ ಮೂಕಪ್ಪ ಕೈ ಮುಗಿದ. "ಸಾಹೇಬ್ರ, ಬ್ರಿಜ್ ಕಟ್ಟಸ್ತೀನಂತ ಬೂದಿ ಮುಟ್ಟಿ ಹೇಳ್ರಿ. ಓಟು ನಿಮಗೇ."

"ನಮ್ಮ ದಸ್ತಗೀರ್ ಅದಾನಲ್ಲ! ಅವ ಮುಟ್ಟಿದ್ರ ನಾ ಮುಟ್ಟಿದಂಗ," ಎಂದು ಸಾಹೇಬರು ನಗುತ್ತ ಅವನ ಬೆನ್ನು ತಳ್ಳಿದರು.

ದಸ್ತಗೀರ್ ಕುಣಿಗೆ ಇಳಿದ. ಬಗ್ಗಿದ. ಬೂದಿಯ ಹತ್ತಿರ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಈ ಸಲ ನೀವೇ ಮುಟ್ರಿ ಸಾಹೇಬ್ರ. ನನ್ನ ಮಗಳು ಸರ್ವರಿ ಬಸುರಿ ಅದಾಳ."

ಸಾಹೇಬರ ನಗು ಹೋಯಿತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಜೀಪು ಹತ್ತಿದರು. ಜೀಪು ಧೂಳೆಬ್ಬಿಸಿ ಹೋಯಿತು. ಅವರನ್ನು ಯಾರೂ ತಡೆಯಲಿಲ್ಲ.

ಕುಣಿಯ ಸುತ್ತ ನಿಂತವರು ಮಾತ್ರ ಕದಲಲಿಲ್ಲ. ದಸ್ತಗೀರ್ ಇನ್ನೂ ಕುಣಿಯೊಳಗೇ ಇದ್ದ. ಗಡಿಗೆಪ್ಪ ಅಂಚಿಗೆ ಬಂದ. ದನಿ ಏರಿಸಲಿಲ್ಲ.

"ನಿನ್ನ ಮಗಳು ಬಸುರಿ ಅಂತ ಇವತ್ತು ಕೈ ಹಿಂದಕ್ಕ ತಗೊಂಡಿ. ನನ್ನ ಹೇಂತಿ ಸಲುವಾಗಿ ಅವತ್ತು ಯಾಕ ತಗೊಳ್ಳಲಿಲ್ಲ, ದಸ್ತಗೀರಣ್ಣ? ಸುಳ್ಳಂತ ಅವತ್ತೇ ಗೊತ್ತಿತ್ತೇನು ನಿನಗ?"

"ಖುದಾನ ಆಣಿ, ಗಡಿಗೆಪ್ಪ, ಆವಾಗ ನಾನೂ ನಂಬಿದ್ದೆ!"

ಆಣೆಯಂತೆ! ನಾವೆಲ್ಲ ಒಂದು ಹೆಜ್ಜೆ ಮುಂದಕ್ಕೆ ಸರಿದೆವು.