ಆಳಂದದ ದಾರಿಯಲ್ಲಿ ಇಟಲಿಯ ಕ್ರಿಯಾಪದ

ಯಾರಾದರೂ ಮೇಜಿನ ಮೇಲೆ ಸುಮ್ಮನೆ ಬೆರಳು ತಟ್ಟಿದರೆ ಇಂದಿಗೂ ನನಗೆ ಆ ಹೊತ್ತೇ ನೆನಪಾಗುತ್ತದೆ: ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಸರಸಂಬಾದ ನಮ್ಮ ಹಿತ್ತಲಲ್ಲಿ ತೊಗರಿ ಕಟ್ಟಿಗೆ ಎಳೆಯಲು ಹೋದ ಅಕ್ಕನ ಕಾಲಿಗೆ ಹಾವು ಕಚ್ಚಿತು.

ಅಕ್ಕ ಜೇವರ್ಗಿಯ ಒಂದು ದವಾಖಾನೆಯಲ್ಲಿ ನರ್ಸು. ಎಂಬತ್ತರ ದಶಕದ ಆ ಬೇಸಿಗೆಯಲ್ಲಿ ತರಬೇತಿಗೆಂದು ಇಟಲಿಗೆ ಹೊರಡುವ ಮುಂಚೆ ರಜೆ ಹಾಕಿ ಊರಿಗೆ ಬಂದಿದ್ದಳು. ದವಾಖಾನೆಯಲ್ಲಿದ್ದ ಇಟಲಿಯ ಸನ್ಯಾಸಿನಿಯೊಬ್ಬರು ಕ್ರಿಯಾಪದಗಳ ನೋಟ್‌ಬುಕ್ಕು ಬರೆದುಕೊಟ್ಟಿದ್ದರು. ಬಿ.ಎ. ಮುಗಿಸಿದ ಗರ್ವದಲ್ಲಿ ನಾನೇ ಅವಳ ಮೇಷ್ಟ್ರಾದೆ. ಪದವನ್ನು ಉಚ್ಚಾರಾಂಶಗಳಾಗಿ ಒಡೆದು ಅವಳ ಅಂಗೈ ಮೇಲೆ ತಟ್ಟುವುದು, ಒತ್ತು ಬೀಳುವಲ್ಲಿ ಜೋರಾಗಿ. ನೀವೂ ತಟ್ಟಿ ನೋಡಿ. ‘ಪರ್-ಲ್ಯಾ-ಮೊ’, ನಾವು ಮಾತಾಡುತ್ತೇವೆ, ಒತ್ತು ನಡುವೆ. ‘ಪಾರ್-ಲ-ನೊ’, ಅವರು ಮಾತಾಡುತ್ತಾರೆ. ಒತ್ತು ಮೊದಲಿಗೆ ಓಡಿಬಿಡುತ್ತದೆ. ಕನ್ನಡದ ನಾಲಿಗೆಗೆ ಈ ಪಕ್ಷಪಾತ ಒಗ್ಗುವುದಿಲ್ಲ. ಅಕ್ಕ ಮಾತ್ರ ವಾರದಲ್ಲಿ ಕಲಿತಿದ್ದಳು.

ಹಾವು ಕಚ್ಚಿದವರನ್ನು ಮಲಗಗೊಡಬಾರದು ಎಂಬುದು ನಮ್ಮ ಕಡೆಯ ಕಟ್ಟುನಿಟ್ಟು. ಪಕ್ಕದ ಮನೆಯವರು ಆಳಂದದ ದವಾಖಾನೆಯತ್ತ ಟ್ರ್ಯಾಕ್ಟರ್ ಹೊಡೆದರು. ಟ್ರಾಲಿಯಲ್ಲಿ ಅಕ್ಕನನ್ನು ಹಿಡಿದು ನಾನು ಮತ್ತು ಕಾಕಾ ಕುಳಿತೆವು.

“ಏನರೆ ಮಾತಾಡಸಬೇ. ಆಕಿ ಕಣ್ಣ ಮುಚ್ಚಬಾರದು,” ಎಂದರು ಕಾಕಾ.

ನನಗೆ ತೋಚಿದ್ದು ಆ ನೋಟ್‌ಬುಕ್ಕೊಂದೇ. ಅಂಗೈ ತಟ್ಟತೊಡಗಿದೆ.

“ಪಾರ್-ಲ-ನೊ,” ಎಂದಳು ಅಕ್ಕ. “ಸಾಯೂ ಹೊತ್ತಿನ್ಯಾಗೂ ಸಾಲಿ ಬಿಡವಲ್ಲಿ ನೀ.”

ಆಳಂದ ಇನ್ನೂ ಅರ್ಧ ದಾರಿ ಇರುವಾಗ ಅವಳು ‘ಪರ್-ಲಾ-ನೊ’ ಎಂದಳು. ತಪ್ಪು ಎಂದೆ. ಮತ್ತೆ ಹಾಗೆಯೇ, ಇನ್ನೂ ಮೆತ್ತಗೆ. ಹಟ ಮಾಡುತ್ತಿದ್ದಾಳೆಂದುಕೊಂಡು ಅಂಗೈಗೆ ಬಲವಾಗಿ ಹೊಡೆದೆ. ಮೂರು ಸಲ ಹೊಡೆದೆ.

“ಹೊಡೀಬ್ಯಾಡಬೇ.” ಕಾಕಾ ನನ್ನ ಕೈ ಹಿಡಿದರು. “ಆಕಿ ರೆಪ್ಪಿ ನೋಡು, ಏಳವಲ್ಲವು.”

ವಿಷ ನಾಲಿಗೆಗೆ ಏರಿತ್ತು. ನಾನು ಅದಕ್ಕೆ ಉಚ್ಚಾರಣೆ ತಿದ್ದುತ್ತ ಕುಳಿತಿದ್ದೆ.

ಆಳಂದದಲ್ಲಿ ಇಂಜೆಕ್ಷನ್ ಕೊಟ್ಟು ಗುಲಬರ್ಗಾಕ್ಕೆ ಕಳಿಸಿದರು. ಅಲ್ಲಿ ಉಸಿರಿಗೆ ನಳಿಕೆ ಹಾಕಿದರು. ಐದನೆಯ ದಿನ ಅಕ್ಕನಿಗೆ ಮಾತು ಬಂತು. “ಹೊಡದಿಯಲ್ಲ,” ಎಂದಳು ಮೊದಲಿಗೆ, “ಇಟಲಿಗಿ ಹೋಗಿ ಎಲ್ಲಾರಿಗೂ ಹೇಳ್ತೇನಿ ತಡಿ.” ಹೋದಳು ಕೂಡ, ಆರು ತಿಂಗಳು ತಡವಾಗಿ.

ಆದರೆ ಮನೆಗೆ ಕರೆತಂದ ಮೇಲೂ ನಾನು ಅವಳನ್ನು ಮಲಗಗೊಡಲಿಲ್ಲ. ರೆಪ್ಪೆ ಮುಚ್ಚಿದರೆ ಸಾಕು, ಅಲುಗಾಡಿಸಿ ಎಬ್ಬಿಸಿ ಮಾತಾಡಿಸುತ್ತಿದ್ದೆ. ಹನ್ನೆರಡು ದಿನ ಸಹಿಸಿದಳು.

“ನನಗ ವಿಷ ಇಳೀತು, ನಿನಗ ಇನ್ನೂ ಇಳಿದಿಲ್ಲ ನೋಡು,” ಎಂದು ತಾನು ಹೊದ್ದ ಕೌದಿಯನ್ನು ನನ್ನ ಮೇಲೂ ಎಳೆದಳು. ಅದು ಭಾನುವಾರ ರಾತ್ರಿ. ಸೋಮವಾರ ನಾನು ಕಣ್ಣು ಬಿಟ್ಟಾಗ ಬಿಸಿಲು ಗೋಡೆಯಿಂದ ಇಳಿದು ಕೌದಿಗೆ ಬಂದಿತ್ತು. ಅಕ್ಕ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ನಾನು ಎಬ್ಬಿಸಲಿಲ್ಲ.